ಏಳು ಟ್ಯಾಬ್, ಒಂದು ಎಂಟರ್

ಹೈಸ್ಕೂಲು ಕಚೇರಿಗೆ ಹೊಸದಾಗಿ ಗುಮಾಸ್ತರಾಗಿ ಸೇರುವವರಿಗೆ ಉಪಯೋಗವಾದೀತು ಎಂದು ಇದನ್ನು ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ಬೀಳ್ಕೊಡುಗೆಯ ದಿನ ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇದರಲ್ಲಿಲ್ಲ. ಅದನ್ನು ಕಟ್ಟಿಕೊಂಡು ನಿಮಗೇನೂ ಆಗಬೇಕಾದ್ದಿಲ್ಲ.

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಚೀಟಿ ಇದೆ. ಬಸ್ ಟಿಕೆಟಿಗಿಂತ ಸ್ವಲ್ಪ ದೊಡ್ಡದು. ಅದರಲ್ಲಿ ದುಂಡಗಿನ ಅಕ್ಷರದಲ್ಲಿ ಹೀಗಿದೆ: ‘ಭಾಷೆ ತುಂಬಿದ ಮೇಲೆ ಏಳು ಟ್ಯಾಬ್, ಒಂದು ಎಂಟರ್.’ ಬರೆದವನು ನಾನು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಹಲವು ಶಾಲೆಗಳ ಕಂಪ್ಯೂಟರಿಗೆ ಇಂಥದೇ ಚೀಟಿ ಅಂಟಿಸಿ ಬಂದವನೂ ನಾನೇ. ಇದರಿಂದಾಗಿ, ಕಣ್ಣು ಸರಿಯಾಗಿ ಕಾಣದ ಒಬ್ಬ ಹುಡುಗಿಗೆ ಹತ್ತನೇ ತರಗತಿಯ ಪರೀಕ್ಷೆ ಬರೆಯಲಾಗದ ಸ್ಥಿತಿ ಬಂದಿತ್ತು. ಅದನ್ನು ಸರಿಪಡಿಸಲು ಹೋಗಿ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ಅಲ್ಲಿಗೆ ಬರುವ ಮೊದಲು ಚೀಟಿ ಹುಟ್ಟಿದ್ದು ಹೇಗೆ ಎಂದು ಹೇಳಬೇಕು.

ನಾನು ಟೈಪಿಂಗ್ ಕಲಿತದ್ದು ಕುಂದಾಪುರದಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ. ಕಲಿಸುತ್ತಿದ್ದವರು ಪೈ ಮಾಷ್ಟ್ರು. ಮೊದಲ ವಾರ ಕಳೆದ ಮೇಲೆ ಅವರು ನಮ್ಮ ಕೈಗಳ ಮೇಲೆ ಬೈರಾಸು, ಅಂದರೆ ಟವೆಲು, ಹೊದಿಸಿಬಿಡುತ್ತಿದ್ದರು. ಕೀಲಿಗಳೂ ಕಾಣುವಂತಿಲ್ಲ, ಬೆರಳುಗಳೂ ಕಾಣುವಂತಿಲ್ಲ. “ಕಣ್ಣ್ ಕಾಗ್ದದ ಮೇಲೆ ಇರ್ಕ್. ಬೆರಳ್ ಅದ್ರ ಕೆಲ್ಸ ಅದೇ ಮಾಡತ್” ಎನ್ನುತ್ತಿದ್ದರು. ಯಾರಾದರೂ ಬಗ್ಗಿ ಬೈರಾಸಿನೊಳಗೆ ಇಣುಕಿದರೆ ಸ್ಕೇಲಿನಲ್ಲಿ ಮೇಜಿಗೆ ಬಡಿಯುತ್ತಿದ್ದರು. ಆರು ತಿಂಗಳಲ್ಲಿ ನನ್ನ ಬೆರಳುಗಳಿಗೆ ಕಣ್ಣಿನ ಹಂಗು ತಪ್ಪಿಹೋಯಿತು. ನೋಡದೆ ಹೊಡೆಯುವುದು ನನ್ನ ಜಂಬ. ಆ ಜಂಬ ಇಪ್ಪತ್ತೈದು ವರ್ಷ ನನ್ನನ್ನು ಚೆನ್ನಾಗಿಯೇ ಸಾಕಿತು.

1997ರಲ್ಲಿ ನಾನು ಬೈಂದೂರು ಕಡೆಯ ಒಂದು ಹೈಸ್ಕೂಲಿನಲ್ಲಿದ್ದೆ. ಮುಂಬೈಯಲ್ಲಿ ಹೋಟೆಲಿಟ್ಟಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಹೋಟೆಲಿನಲ್ಲಿ ಬಳಸಿ ಬಿಟ್ಟ ಕಂಪ್ಯೂಟರನ್ನು ಶಾಲೆಗೆ ದಾನ ಕೊಟ್ಟರು. ಅದು ಹಾಸಿಗೆ ಬಟ್ಟೆಯಲ್ಲಿ ಸುತ್ತಿಕೊಂಡು ಮುಂಬೈ ಬಸ್ಸಿನಲ್ಲಿ ಬಂತು. ಬಿಚ್ಚಿದಾಗ ಒಗ್ಗರಣೆಯ ವಾಸನೆ. ಹೆಡ್ ಮಾಷ್ಟ್ರಾಗಿದ್ದ ಹೆಗ್ಡೆಯವರು ಅದನ್ನು ತಮ್ಮ ಕೋಣೆಯಲ್ಲೇ ಇರಿಸಿಕೊಂಡರು. ಅದರ ಹತ್ತಿರ ಹೋಗುವವರು ಚಪ್ಪಲಿ ಹೊರಗೆ ಬಿಡಬೇಕು. ಅವರೂ ಬಿಡುತ್ತಿದ್ದರು.

ಶಾಲೆ ಬಿಟ್ಟುಹೋಗುವ ಮಕ್ಕಳಿಗೆ ವರ್ಗಾವಣೆ ಪತ್ರ ತಯಾರಿಸಲು ಉಡುಪಿಯಲ್ಲಿ ಕಂಪ್ಯೂಟರ್ ತರಗತಿ ನಡೆಸುತ್ತಿದ್ದವರೊಬ್ಬರು ಒಂದು ಸಾಫ್ಟ್‌ವೇರ್ ಬರೆದು ಫ್ಲಾಪಿಯಲ್ಲಿ ಕೊಟ್ಟಿದ್ದರು. ತೆರೆದರೆ ವಿವರ ಕೇಳುವ ಒಂದು ಪೆಟ್ಟಿಗೆ ಬರುತ್ತದೆ. ಡೈಲಾಗ್ ಬಾಕ್ಸ್ ಎನ್ನುವುದು ಅದಕ್ಕೇ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನ ಎಲ್ಲ ತುಂಬಿದೆ. ತುಂಬುತ್ತ ತುಂಬುತ್ತ ಪರದೆಯೇ ಮುಗಿಯಿತು. ಪೆಟ್ಟಿಗೆ ಮುಗಿದಿರಲಿಲ್ಲ. ಮುದ್ರಿಸುವ ಗುಂಡಿ ಇನ್ನೂ ಕೆಳಗೆ ಎಲ್ಲೋ ಇತ್ತು.

ಫೋನು ಮಾಡಿದರೆ, ಗುಂಡಿ ಕೆಳಗಿದೆಯಲ್ಲ ಎಂದು ಬರೆದವರ ಉತ್ತರ. ಕೆಳಗೆ ಏನೂ ಇಲ್ಲ ಎಂದು ನಾನು. ಪೂರ್ತಿ ಕೆಳಗೆ ನೋಡಿ ಎಂದು ಅವರು. ಪೂರ್ತಿ ಕೆಳಗೆ ಮೇಜಿದೆ ಎಂದು ನಾನು. ಹೆಗ್ಡೆ ಮಾಷ್ಟ್ರಿಗೆ ನನ್ನ ಮೇಲೆ ನಂಬಿಕೆ ಹುಟ್ಟಲಿಲ್ಲ. ಎದ್ದು ತುದಿಗಾಲಲ್ಲಿ ನಿಂತು, ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ, ಪರದೆಯ ಮೇಲಂಚಿನಿಂದ ಒಳಕ್ಕೆ ಬಗ್ಗಿ ನೋಡಿದರು. ಆಮೇಲೆ ಕುಳಿತು, “ಹೌದ್ ಮಾರ್ರೆ, ಎಂತದೂ ಇಲ್ಲೆ” ಎಂದು ಒಪ್ಪಿಕೊಂಡರು.

ಎರಡು ದಿನ ಬಿಟ್ಟು ಸಾಫ್ಟ್‌ವೇರ್ ಬರೆದವರೇ ಬಸ್ಸು ಹಿಡಿದು ಬಂದರು. ಪರದೆ ನೋಡಿದ ಕೂಡಲೇ ನಕ್ಕರು. ಅವರು ಕುಳಿತು ಬರೆದದ್ದು ದೊಡ್ಡ ಪರದೆಯ ಮೇಲೆ. ನಮ್ಮದು ಹದಿನಾಲ್ಕು ಇಂಚಿನ ಹಳೆಯದು. ಪೆಟ್ಟಿಗೆ ಕುಗ್ಗುವುದಿಲ್ಲ, ಪರದೆ ಹಿಗ್ಗುವುದಿಲ್ಲ. ಅವರು ಟ್ಯಾಬ್ ಕೀಲಿ ತೋರಿಸಿದರು. ಅದನ್ನು ಒಂದು ಸಲ ಒತ್ತಿದರೆ ಒಂದು ಖಾನೆಯಿಂದ ಮುಂದಿನ ಖಾನೆಗೆ ಹೋಗುತ್ತದೆ, ಖಾನೆ ಕಾಣಿಸಲಿ ಕಾಣಿಸದಿರಲಿ. ಕಾಣುವ ಕೊನೆಯ ಖಾನೆಯಿಂದ ನಾಲ್ಕು ಸಲ ಟ್ಯಾಬ್, ಆಮೇಲೆ ಎಂಟರ್. ನಾನು ಒತ್ತಿದೆ. ಪ್ರಿಂಟರು ಕರಕರ ಎಂದು ಕಾಗದ ಎಳೆದುಕೊಂಡಿತು. ಆ ಕ್ಷಣದಲ್ಲಿ ನನಗಾದ ಸಂತೋಷವನ್ನು ಸಣ್ಣದು ಎನ್ನಲಾರೆ. ಪೈ ಮಾಷ್ಟ್ರ ಬೈರಾಸು ಇದಕ್ಕೇ ಇತ್ತು ಎನ್ನಿಸಿತು.

ಎಣಿಕೆಯ ಕೆಲಸಕ್ಕೆ ಮೌನ ಬೇಕು. ಒಂದು ಸಲ ನಾನು ಮೂರನೆಯ ಟ್ಯಾಬಿನಲ್ಲಿದ್ದಾಗ ಜವಾನ ಸೀಮೆಸುಣ್ಣದ ಕಪಾಟಿನ ಬೀಗದ ಕೈ ಕೇಳಿದ. ಎಣಿಕೆ ತಪ್ಪಿ ಅಲ್ಲೇ ಎಂಟರ್ ಒತ್ತಿದೆ. ಮೂರರಲ್ಲಿ ಇದ್ದದ್ದು ರದ್ದು ಮಾಡುವ ಗುಂಡಿ. ಅರ್ಧ ಗಂಟೆಯ ಕೆಲಸ ಹೋಯಿತು. ಆಮೇಲೆ ಶಾಲೆಯಲ್ಲಿ ಒಂದು ಪದ್ಧತಿಯೇ ಬೆಳೆಯಿತು. ನನ್ನ ಎಡಗೈ ಕಿರುಬೆರಳು ಕೀಲಿಮಣೆಯ ಅಂಚಿಗೆ ಹೋದದ್ದು ಕಂಡರೆ ಬಾಗಿಲಲ್ಲಿ ಬಂದವರು ಅಲ್ಲೇ ನಿಲ್ಲುತ್ತಿದ್ದರು. ಒಮ್ಮೆ ಹೆಗ್ಡೆ ಮಾಷ್ಟ್ರು ತಮಗೆ ಬಂದ ಸೀನನ್ನು ಮೂಗು ಹಿಡಿದು ನಿಲ್ಲಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಕೆಲವು ವರ್ಷದ ಮೇಲೆ ನನಗೆ ಕೋಟದ ಹತ್ತಿರದ ಒಂದು ಹೈಸ್ಕೂಲಿಗೆ ವರ್ಗವಾಯಿತು. ಅಷ್ಟು ಹೊತ್ತಿಗೆ ಹತ್ತನೆಯವರ ಪರೀಕ್ಷೆಯ ಹೆಸರು ನೋಂದಣಿಯೂ ಕಂಪ್ಯೂಟರಿಗೆ ಬಂದಿತ್ತು. ಮೇಲಿನಿಂದ ಸಿ.ಡಿ. ಬರುತ್ತದೆ, ಪ್ರತಿ ವಿದ್ಯಾರ್ಥಿಗೂ ಒಂದು ಪೆಟ್ಟಿಗೆ ತುಂಬಿ ಕಳಿಸಬೇಕು. ಅಲ್ಲೂ ಅದೇ ಹಣೆಬರಹ. ಭಾಷೆಯ ಖಾನೆಗೆ ಪರದೆ ಮುಗಿಯುತ್ತದೆ, ಸೇವ್ ಮಾಡುವ ಗುಂಡಿ ನೆಲದಡಿಯಲ್ಲಿ. ಎಣಿಸಿ ನೋಡಿದೆ. ಏಳನೆಯ ಟ್ಯಾಬಿಗೆ ಗುಂಡಿ ಸಿಕ್ಕಿತು.

ಆ ಶಾಲೆಯಲ್ಲಿ ಸುಜಾತಾ ಎಂಬ ಕಂಪ್ಯೂಟರ್ ಟೀಚರ್ ಇದ್ದರು. ಗುತ್ತಿಗೆಯ ನೇಮಕ, ಚಿಕ್ಕ ವಯಸ್ಸು. ಅವರು ಇನ್ನೊಂದು ದಾರಿ ತೋರಿಸಿದರು. ಆಲ್ಟ್ ಕೀಲಿ ಹಿಡಿದು ಸ್ಪೇಸ್ ಒತ್ತಬೇಕು, ಆಮೇಲೆ ಎಂ ಅಕ್ಷರ, ಆಮೇಲೆ ಮೇಲಿನ ಬಾಣ. ಪೆಟ್ಟಿಗೆ ಮೆಲ್ಲಗೆ ಮೇಲಕ್ಕೆ ಸರಿಯುತ್ತದೆ, ಅದರ ತಲೆ ಮರೆಯಾಗಿ ಬುಡ ಕಾಣಿಸುತ್ತದೆ. ಹಾಗೆ ಸರಿಸಿದಾಗ ಕೆಳಗೆ ಕೆಲವು ಪ್ರಶ್ನೆಗಳು ಕಂಡವು. ಎಲ್ಲದರ ಮುಂದೆ ‘ಇಲ್ಲ’ ಎಂಬುದಕ್ಕೆ ಮೊದಲೇ ಗುರುತು ಬಿದ್ದಿತ್ತು. “ಇದ್ನೂ ಒಂದ್ಸಲ ಓದ್ಕ್ ಅಲ್ದಾ ಸರ್?” ಎಂದು ಅವರು ಕೇಳಿದರು. ನಮ್ಮ ಮಕ್ಕಳಿಗೆ ಅದೆಲ್ಲ ಇಲ್ಲವೇ ಎಂದು ಹೇಳಿ ನಾನು ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ಬಿಟ್ಟೆ. ಓದಲಿಲ್ಲ.

ಅವರ ದಾರಿಯಲ್ಲಿ ಒಬ್ಬ ವಿದ್ಯಾರ್ಥಿಗೆ ನಾಲ್ಕು ನಿಮಿಷ ಬೇಕು, ನನ್ನದರಲ್ಲಿ ಎರಡು. ನೂರರ ಮೇಲೆ ಮಕ್ಕಳು. ನಾನು ಗೆದ್ದೆ ಎಂದೇ ಲೆಕ್ಕ. ಬಾರ್ಕೂರಿನ ಶಾಲೆಯ ಗುಮಾಸ್ತರು ಗುಂಡಿ ಸಿಗದೆ ಒದ್ದಾಡುತ್ತಿದ್ದಾರೆಂದು ಫೋನು ಬಂದಾಗ ಶನಿವಾರ ಮಧ್ಯಾಹ್ನದ ಬಸ್ಸಿಗೆ ಹೋಗಿ ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿ ಬಂದೆ. ಅಲ್ಲಿಂದ ಬ್ರಹ್ಮಾವರದವರು ಕರೆದರು. ನನ್ನ ಹಳೆಯ ಬೈಂದೂರು ಕಡೆಯವರು ಟಪಾಲಿನಲ್ಲಿ ಕಳಿಸಿ ಎಂದರು. ಮೀಟಿಂಗುಗಳಲ್ಲಿ ನನ್ನನ್ನು ಟ್ಯಾಬ್ ಶೇಖರ ಎಂದು ಕರೆಯತೊಡಗಿದರು. ತಮಾಷೆಗೇ ಕರೆದದ್ದು, ಆದರೆ ನನಗೆ ಅದು ಬಿರುದಿನ ಹಾಗೆ ಕೇಳಿಸುತ್ತಿತ್ತು.

ಈಗ ನಾಗರತ್ನಳ ವಿಷಯ. ಬೀಜಾಡಿಯ ಹುಡುಗಿ, ಅಜ್ಜಿಮನೆಯಲ್ಲಿದ್ದುಕೊಂಡು ನಮ್ಮ ಶಾಲೆಗೆ ಬರುತ್ತಿದ್ದಳು. ಹುಟ್ಟಿನಿಂದ ದೃಷ್ಟಿ ತುಂಬ ಕಡಿಮೆ. ಪುಸ್ತಕವನ್ನು ಮೂಗಿಗೆ ತಾಗಿಸಿ, ಒಂದು ಸಲಕ್ಕೆ ಎರಡು ಮೂರು ಪದ ಓದುತ್ತಿದ್ದಳು. ಬೋರ್ಡಿನಲ್ಲಿ ಬರೆದದ್ದನ್ನು ಓದಲು ಎದ್ದು ಹೋಗಿ ಅದರ ಬುಡದಲ್ಲಿ ನಿಲ್ಲುತ್ತಿದ್ದಳು. ಶಾಲೆಯ ಪರೀಕ್ಷೆಗಳಲ್ಲಿ ಟೀಚರುಗಳೇ ಪ್ರಶ್ನೆ ಓದಿ ಹೇಳಿ ನಡೆಸಿಕೊಂಡು ಬಂದಿದ್ದರು. ಹತ್ತನೆಯ ಪಬ್ಲಿಕ್ ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ. ಹೇಳಿದ್ದನ್ನು ಬರೆಯಲು ಒಬ್ಬರು ಸಹಾಯಕರು, ಹೆಚ್ಚು ಸಮಯ, ಎರಡಕ್ಕೂ ಮೇಲಿನಿಂದ ಅನುಮತಿ ಬೇಕು. ಅದು ಸಿಗದಿದ್ದರೆ ಅವಳು ಪ್ರಶ್ನೆಪತ್ರಿಕೆ ಓದಿ ಮುಗಿಸುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ.

ಅವಳ ತಾಯಿ ಗಿರಿಜಾ ಬುಟ್ಟಿ ಹೊತ್ತು ಮೀನು ಮಾರುವವರು. ಮಗಳ ಕಣ್ಣಿನ ಸರ್ಟಿಫಿಕೇಟಿಗಾಗಿ ಜಿಲ್ಲಾ ಆಸ್ಪತ್ರೆಗೆ ಮೂರು ಸಲ ಅಲೆದಿದ್ದರು. ಸಿಕ್ಕಿದ ಮರುದಿನವೇ, ದಸರಾ ರಜೆಗೂ ಮುಂಚೆ, ಶಾಲೆಗೆ ತಂದರು. ವಾಸನೆ ಬರುತ್ತದೆ ಎಂದು ಬುಟ್ಟಿಯನ್ನು ಗೇಟಿನ ಹೊರಗೇ ಇಟ್ಟು, ಕೈ ತೊಳೆದು, ಪ್ಲಾಸ್ಟಿಕ್ ಚೀಲದೊಳಗಿನ ಇನ್ನೊಂದು ಚೀಲದಿಂದ ಕಾಗದ ತೆಗೆದು ಕೊಟ್ಟರು. ನಾನು ಗುಮಾಸ್ತನಾದರೂ ಊರವರಿಗೆ ಶಾಲೆಯಲ್ಲಿರುವವರೆಲ್ಲ ಮಾಷ್ಟ್ರೇ. ಕಂಪ್ಯೂಟರಿನ ಕಡೆ ಕೈ ತೋರಿಸಿ ಅವರು ಹೇಳಿದರು: “ಮಾಷ್ಟ್ರೆ, ಇದ್ ಅದ್ರೊಳ್ಗ್ ಹೋಯ್ಕ್ ಅಂಬ್ರ್. ಮರೀಬೇಡಿ.”

ಅದರೊಳಗೆ ಹಾಕಲು ಮರೆಯುವುದಿಲ್ಲ ಎಂದೆ. ಸರ್ಟಿಫಿಕೇಟಿಗೆ ತೂತು ಹೊಡೆದು ಪರೀಕ್ಷೆಯ ಫೈಲಿಗೆ ಸೇರಿಸಿದೆ. ಫೈಲಿಗೆ ಸೇರಿತು ಎಂದರೆ ಗುಮಾಸ್ತನ ಮಟ್ಟಿಗೆ ಕೆಲಸ ಆಯಿತು ಎಂದೇ ಅರ್ಥ. ರಜೆ ಕಳೆದು ನೋಂದಣಿ ಶುರುವಾದಾಗ ಎಲ್ಲರ ಹೆಸರಿನ ಜೊತೆ ಅವಳದನ್ನೂ ತುಂಬಿದೆ. ಏಳು ಟ್ಯಾಬ್, ಒಂದು ಎಂಟರ್. ಅವಳಿಗೂ ಎರಡೇ ನಿಮಿಷ ಹಿಡಿಯಿತು.

ಪರೀಕ್ಷೆಗೆ ಹನ್ನೆರಡು ದಿನ ಇರುವಾಗ ಬರೆಯುವ ಸಹಾಯಕರು ಮಂಜೂರಾದವರ ಪಟ್ಟಿ ಬಂತು. ನಾಗರತ್ನಳ ಹೆಸರು ಅದರಲ್ಲಿರಲಿಲ್ಲ. ಮುಖ್ಯೋಪಾಧ್ಯಾಯಿನಿ ಶಾಂತಾ ಮೇಡಂ ನನ್ನನ್ನು ಕರೆದು ಕೇಳಿದರು. ನಾನು ಹಾಕಿದ್ದೇನೆ, ಸಾಫ್ಟ್‌ವೇರೇ ಸರಿಯಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ನಿಜವಾಗಿಯೂ ಹಾಗೇ ನಂಬಿದ್ದೆ. ಸುಜಾತಾ ಟೀಚರ್ ಬಂದು ಕುಳಿತು, ನಾಗರತ್ನಳ ಪೆಟ್ಟಿಗೆ ತೆರೆದು, ತಮ್ಮ ದಾರಿಯಲ್ಲಿ ಅದನ್ನು ಮೇಲಕ್ಕೆ ಸರಿಸಿದರು.

ಆರು ಪ್ರಶ್ನೆಗಳು ಒಂದೊಂದಾಗಿ ಬಂದವು. ಅಭ್ಯರ್ಥಿಗೆ ದೃಷ್ಟಿ, ಶ್ರವಣ ಅಥವಾ ಇತರ ನ್ಯೂನತೆ ಇದೆಯೇ? ಇಲ್ಲ. ಬರೆಯಲು ಸಹಾಯಕರು ಬೇಕೇ? ಇಲ್ಲ. ಹೆಚ್ಚುವರಿ ಸಮಯ ಬೇಕೇ? ಇಲ್ಲ. ವೈದ್ಯಕೀಯ ಪ್ರಮಾಣಪತ್ರ ಇದೆಯೇ? ಇಲ್ಲ. ಇನ್ನೆರಡು ಯಾವುವೆಂದು ಈಗ ಮರೆತಿದೆ. ಏಳನೆಯದು ಸೇವ್ ಗುಂಡಿ.

ನನ್ನ ಏಳು ಟ್ಯಾಬುಗಳಲ್ಲಿ ಆರು ಪ್ರಶ್ನೆಗಳಾಗಿದ್ದವು. ನಾನು ಅವನ್ನು ಮೆಟ್ಟಿಲು ಎಂದುಕೊಂಡು ಇಳಿದಿದ್ದೆ. ಒಂದನ್ನೂ ಓದದೆ, ನೂರಾರು ಮಕ್ಕಳ ಪರವಾಗಿ ಎಲ್ಲದಕ್ಕೂ ಇಲ್ಲ ಎಂದು ಉತ್ತರ ಕೊಟ್ಟಿದ್ದೆ. ಸರ್ಟಿಫಿಕೇಟು ನನ್ನ ಬೆನ್ನ ಹಿಂದಿನ ಕಪಾಟಿನಲ್ಲೇ ಇತ್ತು. ನನಗೆ ಹೆದರಿಕೆಯಾಯಿತು. ಮೊದಲು ಹೆದರಿದ್ದು ಹುಡುಗಿಗಾಗಿ ಅಲ್ಲ, ನನಗಾಗಿ. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ತಿದ್ದುಪಡಿಯ ಅವಧಿ ಮುಗಿದಿತ್ತು. ವಿಶೇಷ ಅನುಮತಿ ಕೇಳಿ ಪತ್ರ ಬರೆಯಬೇಕು, ಮೊದಲೇ ಯಾಕೆ ಕೇಳಲಿಲ್ಲ ಎಂಬುದಕ್ಕೆ ಕಾರಣ ಕೊಡಬೇಕು. ಕೀಲಿಮಣೆಯ ಮುಂದೆ ಕುಳಿತೆ. ಯೋಚಿಸಲಿಲ್ಲ. ‘ಪಾಲಕರು ಸದರಿ ಪ್ರಮಾಣಪತ್ರವನ್ನು ತಡವಾಗಿ ಸಲ್ಲಿಸಿದ್ದರಿಂದ’ ಎಂದು ಬೆರಳುಗಳೇ ಹೊಡೆದವು. ಎಷ್ಟೋ ಪತ್ರಗಳಲ್ಲಿ ಹೊಡೆದು ಬೆರಳಿಗೆ ಬಾಯಿಪಾಠವಾಗಿದ್ದ ಸಾಲು ಅದು. ಕಚೇರಿಯಲ್ಲಿ ಏನೇ ತಪ್ಪಿದರೂ ತಡ ಮಾಡಿದವರು ಪಾಲಕರು. ಅವರು ಪತ್ರ ಓದುವುದಿಲ್ಲ, ಹಾಗಾಗಿ ಇಲ್ಲ ಎನ್ನುವುದೂ ಇಲ್ಲ.

ಸುಜಾತಾ ಟೀಚರ್ ಹಿಂದೆ ನಿಂತು ಓದಿದರು. “ಅವ್ರ್ ತಡ ಮಾಡ್ಲಿಲ್ಲೆ ಅಲ್ದಾ ಸರ್?” ಎಂದರು. ಇದು ಬರೀ ಕಾಗದ ಟೀಚರ್, ಕೆಲಸ ಆಗುವುದು ಮುಖ್ಯ ಎಂದೆ. ಅವರು ಗುತ್ತಿಗೆಯವರು. ತಮ್ಮ ತರಗತಿಗೆ ಹೋದರು. ಶಾಂತಾ ಮೇಡಂ ನನ್ನನ್ನು ನಂಬಿ ಸಹಿ ಹಾಕಿದರು.

ಪಾಲಕರ ಹೇಳಿಕೆಯೂ ಬೇಕಿತ್ತು. ಮರುದಿನ ಗಿರಿಜಾ ಬಂದರು. ನಾನು ಹೇಳಿಕೆಯನ್ನು ಓದಿ ಹೇಳಿದೆ. ಅವರು ಕೇಳಿದರು: “ನಾನ್ ರಜಿಗೆ ಮುಂಚೆ ತಂದ್ ಕೊಟ್ಟಿದ್ದೆ ಅಲ್ದಾ ಮಾಷ್ಟ್ರೆ?”

ಹೌದು, ಆದರೆ ಹೀಗೆ ಬರೆದರೆ ಬೇಗ ಆಗುತ್ತದೆ ಎಂದೆ.

“ಇದ್ಕ್ ಸೈ ಹಾಕಿರೆ ಹೆಣ್ಣ್ ಪರೀಕ್ಷಿ ಬರಿಲಕ್ಕಾ?”

“ಬರೀಬಹುದು.”

ಅವರು ಪೆನ್ನು ತೆಗೆದುಕೊಂಡು, ತಮ್ಮ ಹೆಸರಿನ ಮೂರು ಅಕ್ಷರಗಳನ್ನು ಒಂದೊಂದಾಗಿ ಬರೆದು ಮುಗಿಸಿದರು. ಆಮೇಲೆ ಗೇಟಿನ ಹೊರಗಿದ್ದ ಬುಟ್ಟಿ ಎತ್ತಿಕೊಂಡು ಹೋದರು.

ನಿಜವನ್ನೇ ಬರೆದಿದ್ದರೆ ಅನುಮತಿ ಬರುತ್ತಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಬರುತ್ತಿತ್ತು ಎಂದೇ ಈಗ ಅನ್ನಿಸುತ್ತದೆ. ನನಗೆ ಒಂದು ಮೆಮೊ ಸಿಗುತ್ತಿತ್ತು, ಅಷ್ಟೆ. ಪರೀಕ್ಷೆಗೆ ಎರಡು ದಿನ ಇರುವಾಗ ಅನುಮತಿ ಪತ್ರ ಬಂತು. ಒಂಬತ್ತನೆಯ ತರಗತಿಯ ಒಬ್ಬಳು ನಾಗರತ್ನ ಹೇಳಿದ್ದನ್ನು ಬರೆದಳು. ನಾಗರತ್ನ ಪಾಸಾದಳು. ಫಲಿತಾಂಶದ ದಿನ ಅಂಗಳದಲ್ಲಿ ನಿಂತು ಅಂಕಪಟ್ಟಿಯನ್ನು ಮೂಗಿಗೆ ಹಿಡಿದು ಓದುತ್ತಿದ್ದಳು. ನಾನು ಕಚೇರಿಯಿಂದ ಹೊರಗೆ ಹೋಗಲಿಲ್ಲ.

ಆ ಬೇಸಿಗೆಯಲ್ಲಿ ನಾನು ಚೀಟಿಗಳನ್ನು ಹಿಂದಕ್ಕೆ ತರಲು ಹೊರಟೆ. ಬಾರ್ಕೂರಿನವರು ಅದನ್ನು ಲ್ಯಾಮಿನೇಷನ್ ಮಾಡಿಸಿಬಿಟ್ಟಿದ್ದರು. ಬ್ರಹ್ಮಾವರದವರು ಜೆರಾಕ್ಸ್ ತೆಗೆದು ಇನ್ನೂ ಎರಡು ಶಾಲೆಗೆ ಕೊಟ್ಟಿದ್ದರು. ಬೈಂದೂರು ಕಡೆಯ ಹೊಸ ಗುಮಾಸ್ತರು ಚೀಟಿ ಕೊಡಲು ಒಪ್ಪಲೇ ಇಲ್ಲ. “ಇದ್ ಇಲ್ದಿದ್ರೆ ನಾನ್ ಎಂತ ಮಾಡುದ್ ಮಾರ್ರೆ?” ಎಂದರು. ಅವರ ಪಕ್ಕ ಕುಳಿತು ಆಲ್ಟ್, ಸ್ಪೇಸ್, ಎಂ, ಬಾಣ ಎಂದು ಹೇಳಿಕೊಟ್ಟೆ. ಕಲಿಸುವಾಗ ಸುಜಾತಾ ಟೀಚರ ಹೆಸರು ಹೇಳಿದೆ. ಕಣ್ಣೋ ಕಿವಿಯೋ ಸರಿಯಿಲ್ಲದ ಮಕ್ಕಳು ಹಿಂದಿನ ವರ್ಷಗಳಲ್ಲಿ ಇದ್ದರೇ ಎಂದು ಎಲ್ಲ ಕಡೆ ಕೇಳಿದೆ. ಇಲ್ಲ ಎಂದರು ಹೆಚ್ಚಿನವರು. ಒಂದು ಶಾಲೆಯಲ್ಲಿ ಮಾತ್ರ, ಒಬ್ಬನಿದ್ದ ಅಂತ ಕಾಣ್ತದೆ, ಹಳೆಯ ಕಾಗದವೆಲ್ಲ ಗೆದ್ದಲು ತಿಂದಿದೆ ಎಂದರು. ನಾನು ಮುಂದಕ್ಕೆ ಕೇಳಲಿಲ್ಲ. ಕೇಳಬೇಕಿತ್ತು.

ಆಮೇಲೆ ಪರದೆಗಳು ಅಗಲವಾದವು, ಗುಂಡಿಗಳು ಕಾಣತೊಡಗಿದವು, ರೋಗ ಹೋಯಿತು ಎಂದುಕೊಂಡೆವು. ನಾನು ನಿವೃತ್ತನಾಗುವ ಹೊತ್ತಿಗೆ ಶಾಲೆಗೆ ಚಿಕ್ಕ ಲ್ಯಾಪ್‌ಟಾಪುಗಳು ಬಂದವು. ಅಗಲ ಇದೆ, ಎತ್ತರ ಇಲ್ಲ. ಮತ್ತೆ ಗುಂಡಿ ನೆಲದಡಿಗೆ ಹೋಯಿತು. ನಿಮ್ಮ ಕಾಲಕ್ಕೆ ಅದು ಇನ್ನೆಲ್ಲಿ ಅಡಗುತ್ತದೋ ನನಗೆ ತಿಳಿಯದು. ಕಾಣದ ಗುಂಡಿಗಿಂತ ಅದರ ಮೇಲಿರುವ ಕಾಣದ ಪ್ರಶ್ನೆಯನ್ನು ಮೊದಲು ಹುಡುಕಿ ಎಂದಷ್ಟೇ ಹೇಳಬಲ್ಲೆ.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಒಳ್ಳೆಯವನಾಗಿಯೇ ಉಳಿಯುತ್ತಿದ್ದೆ. ಆದರೆ ನಿವೃತ್ತಿಯ ಮೂರನೆಯ ವರ್ಷ ಇನ್ನೊಂದು ಘಟನೆ ನಡೆಯಿತು.

ಆಗ ನಾವು ಬ್ರಹ್ಮಾವರದ ಹತ್ತಿರ ಬಂದು ನೆಲೆಸಿದ್ದೆವು. ವಾಸದ ದೃಢೀಕರಣ ಪತ್ರಕ್ಕಾಗಿ ಪಂಚಾಯತಿಗೆ ಹೋದೆ. ಕೌಂಟರಿನಲ್ಲಿದ್ದ ಹುಡುಗಿ ಪರದೆಗೆ ಮುಖ ತಾಗಿಸುವಷ್ಟು ಹತ್ತಿರ ಕುಳಿತಿದ್ದಳು. ಅಕ್ಷರಗಳು ಅಂಗೈಯಷ್ಟು ದೊಡ್ಡವು. ಇಡೀ ಪರದೆಗೆ ನಾಲ್ಕು ಪದ ಹಿಡಿಯುತ್ತಿತ್ತು. ಹಾಗೆ ಮಾಡಿಕೊಂಡರೆ ಯಾವ ಪೆಟ್ಟಿಗೆಯೂ ಯಾವತ್ತೂ ಪರದೆಯೊಳಗೆ ಕೂರುವುದಿಲ್ಲ. ಅವಳು ಅದನ್ನು ಎಡಕ್ಕೆ, ಬಲಕ್ಕೆ, ಕೆಳಕ್ಕೆ ಸರಿಸುತ್ತ, ಒಂದೊಂದು ಪ್ರಶ್ನೆಯನ್ನೂ ಗಟ್ಟಿಯಾಗಿ ಓದಿ, ಎದುರಿದ್ದವರ ಉತ್ತರ ಕೇಳಿ ಒತ್ತುತ್ತಿದ್ದಳು. ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ನನ್ನ ಸರದಿ ಬಂದು ನಾಲ್ಕೈದು ಪ್ರಶ್ನೆ ಆದ ಮೇಲೆ ನಾನೂ ಹೇಳಿದೆ, ಉಳಿದದ್ದಕ್ಕೆಲ್ಲ ಇಲ್ಲ ಅಂತ ಹಾಕಿಬಿಡಿ ಎಂದು.

“ಕೇಣ್ದೆ ಹಾಕುಕಾಗ” ಎಂದು ಅವಳು ಕೈ ನಿಲ್ಲಿಸಿ ಹೇಳಿದಳು. ಕೇಳದೆ ಹಾಕಬಾರದು ಎಂದು. ಆಮೇಲೆ ಮುಖ ಈ ಕಡೆ ತಿರುಗಿಸಿದಳು. “ಶೇಖರ ಸರ್ ಅಲ್ದಾ? ಸ್ವರದಂಗೇ ಗೊತ್ತಾಯ್ತ್.”

ನಾಗರತ್ನ. ಪಿ.ಯು.ಸಿ. ಮುಗಿಸಿ, ಕಂಪ್ಯೂಟರ್ ಕೋರ್ಸ್ ಮಾಡಿ ಅಲ್ಲಿ ಕೆಲಸಕ್ಕೆ ಸೇರಿದ್ದಳು. ಸಂತೋಷದಿಂದಲೇ ಮಾತಾಡಿದಳು. ಸಾಲು ಕರಗುವವರೆಗೆ ನನ್ನನ್ನು ಬೆಂಚಿನಲ್ಲಿ ಕೂರಿಸಿ, ಆಮೇಲೆ ಹಳೆಯದನ್ನೆಲ್ಲ ತೆಗೆದಳು. ಆ ಅನುಮತಿ ಪತ್ರದ ಮಾತೂ ಬಂತು. ಪರೀಕ್ಷೆಯ ಮೊದಲ ದಿನ ಅದನ್ನು ಅವಳ ಕೈಗೇ ಕೊಟ್ಟಿದ್ದರಂತೆ. ಅವಳು ಕೈಗೆ ಬಂದ ಯಾವ ಕಾಗದವನ್ನೂ ಪೂರ್ತಿ ಓದದೆ ಬಿಡುವವಳಲ್ಲ. ಲೆನ್ಸ್ ಹಿಡಿದು ಅದನ್ನೂ ಓದಿದ್ದಳು. ನಾನು ಹೊಡೆದ ಸಾಲು ಆ ಪತ್ರದಲ್ಲಿ ಹಾಗೆಯೇ ಇತ್ತು.

“ಅಮ್ಮ ಕಾಗ್ದ ತಡ ಮಾಡಿ ಕೊಟ್ಟದ್ದ್ ಅಂದೇಳಿ ನಂಗೆ ಆಗ್ಲೇ ಗೊತ್ತಾದ್ದ್” ಎಂದಳು. “ಪರೀಕ್ಷಿ ತಪ್ಪಿ ಹೋತಿದ್ದಿತ್ ಅಲ್ದಾ ಸರ್. ಎಂತೆಂತದೋ ಬೈದೆ. ಒಂದ್ ವರ್ಷ ಅವ್ಳ್ ಹತ್ರ ಸಮಾ ಮಾತೇ ಆಡ್ಲಿಲ್ಲೆ.”

ಅಮ್ಮ ಏನೆಂದರು ಎಂದು ಕೇಳಿದೆ.

“ಅವ್ಳ್ ಎಂತದೂ ಹೇಳ್ಲಿಲ್ಲೆ.”

ಆಗ ನಾನು ಹೇಳಿದೆ. ದಸರಾ ರಜೆಗೆ ಮುಂಚೆ ಕೊಟ್ಟದ್ದು, ಫೈಲು, ಏಳು ಟ್ಯಾಬು, ಪತ್ರ, ಸಹಿ, ಎಲ್ಲವನ್ನೂ. ಹೇಳಲು ಐದು ನಿಮಿಷ ಸಾಕಾಯಿತು. ಅವಳು ನನ್ನನ್ನು ಬೈಯಲಿಲ್ಲ. ಪರದೆಯ ಕಡೆ ತಿರುಗಿ, ನಿಂತುಹೋಗಿದ್ದ ನನ್ನ ಅರ್ಜಿಯನ್ನು ಮತ್ತೆ ತೆರೆದು, ಉಳಿದ ಪ್ರಶ್ನೆಗಳನ್ನು ಓದತೊಡಗಿದಳು. ಸ್ವರ ಮೊದಲಿನಂತಿರಲಿಲ್ಲ. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ಎಲ್ಲ ಮುಗಿದ ಮೇಲೆ, “ಅಮ್ಮ ಸಂಜಿಗೆ ಮನ್ಯಂಗೇ ಇರ್ತಳ್” ಎಂದಷ್ಟೇ ಹೇಳಿದಳು.

ಮರುದಿನ ಬೀಜಾಡಿಗೆ ಹೋದೆ. ಗಿರಿಜಾ ಜಗಲಿಯಲ್ಲಿ ಕುಳಿತು ಬುಟ್ಟಿಯ ಅಂಚಿಗೆ ಹೊಸ ಬಳ್ಳಿ ಸುತ್ತುತ್ತಿದ್ದರು. ನನ್ನ ಗುರುತು ಹಿಡಿದರು. ಕೂತ್ಕಣಿ ಎಂದರು. ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ಕೇಳುವುದು ಆಸರಿಗೆ, ಅಂದರೆ ಬಾಯಾರಿಕೆಗೆ, ಬೇಕೇ ಎಂದು. ಬೆಲ್ಲ, ನೀರು ಕೊಟ್ಟ ಮೇಲೆಯೇ ಉಳಿದ ಮಾತು. ಅವರು ಅದನ್ನು ಕೇಳಲಿಲ್ಲ. ನಾನು ಅಂದಿನ ವಿಷಯ ಹೇಳಿದೆ. ತಪ್ಪು ನನ್ನದು, ನಿಮ್ಮ ಕೈಯಲ್ಲಿ ಸುಳ್ಳಿಗೆ ಸಹಿ ಹಾಕಿಸಿದೆ ಎಂದೆ. ಅವರು ಕೆಲಸ ನಿಲ್ಲಿಸಲಿಲ್ಲ.

“ನಾನ್ ತಂದ್ ಕೊಟ್ಟದ್ ನಂಗೆ ಗೊತ್ತಿಲ್ದೇ ಇರತ್ತಾ ಮಾಷ್ಟ್ರೆ?”

ಮಗಳಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಸೈ ನಂದೇ ಇತ್ತಲೆ. ನಾನ್ ಹೇಳಿರೆ ಹೆಣ್ಣ್ ನನ್ನ್ ನಂಬತ್ತಾ, ಕಾಗ್ದ ನಂಬತ್ತಾ?” ಬಳ್ಳಿಯನ್ನು ಬಿಗಿಯಾಗಿ ಎಳೆದು ಗಂಟು ಹಾಕಿದರು. “ನೀವ್ ಹೆಣ್ಣಿಗೆ ಹೇಳ್ದ್ರ್ಯಾ?”

“ಹೇಳಿದೆ. ನಿನ್ನೆ.”

“ನಿಮ್ಮ್ ಬಾಯಂಗೇ ಹೇಳ್ದ್ರ್ಯಾ?”

“ಹೌದು.”

ಅವರು ಬುಟ್ಟಿಯನ್ನು ಬದಿಗೆ ಇಟ್ಟರು. ಮೊಣಕಾಲಿಗೆ ಕೈ ಊರಿ ಎದ್ದರು.

“ಹಾಂಗಾರೆ ಸಾಕ್” ಎಂದು ಒಳಗೆ ಹೋಗುತ್ತ, ಬಾಗಿಲಲ್ಲಿ ನಿಂತು ತಿರುಗಿ ಕೇಳಿದರು: “ಆಸ್ರಿಗೆ ಬೇಕಾ?”